ಬಸುರಿ ಗಪ್ಪಿಯ ಆರೈಕೆಯ ಚರಿತ್ರೆ

ಗಪ್ಪಿ ಮೀನನ್ನು ಕುರಿತು ಈವರೆಗೆ ಬಂದಿರುವ ಬರವಣಿಗೆಯ ಬಹುಪಾಲು ಗಂಡಿನ ಬಾಲದ ಬಣ್ಣಕ್ಕೆ ಮೀಸಲಾಗಿದೆ. ಆದರೆ ದಕ್ಷಿಣ ಅಮೆರಿಕದ ಈಶಾನ್ಯ ಅಂಚಿನಲ್ಲಿಯೂ ಅದಕ್ಕೆ ಹತ್ತಿರದ ದ್ವೀಪಗಳಲ್ಲಿಯೂ ತೊರೆಗಳಲ್ಲಿ ಬದುಕಿದ್ದ ಈ ಮೀನು ಒಂದೂವರೆ ಶತಮಾನದೊಳಗೆ ಜಗತ್ತಿನ ಬೆಚ್ಚನೆಯ ನಾಡುಗಳಲ್ಲೆಲ್ಲ ನೆಲೆಯೂರಲು ಮುಖ್ಯ ಕಾರಣ ಬೂದು ಮೈಯ, ಗಂಡಿಗಿಂತ ಗಾತ್ರದಲ್ಲಿ ದೊಡ್ಡದಾದ ಹೆಣ್ಣಿನ ಬಸಿರು. ಆ ಬಸಿರಿನ ಸ್ವರೂಪವನ್ನು ಅರಿಯಲು ಮನುಷ್ಯರಿಗೆ ಸಾಕಷ್ಟು ಕಾಲ ಹಿಡಿಯಿತು. ಅರಿತಷ್ಟಕ್ಕೆ ತಕ್ಕಂತೆ ಅದರ ಆರೈಕೆಯ ಕ್ರಮವೂ ಬದಲಾಗುತ್ತ ಬಂತು.

ವಿಜ್ಞಾನದ ದಾಖಲೆಗೆ ಈ ಮೀನು ಮೊದಲು ಸೇರಿದ್ದು 1859ರಲ್ಲಿ. ವೆನೆಜುವೆಲಾದ ಕರಾಕಸ್‌ನಿಂದ ಬಂದ ಮಾದರಿಗಳನ್ನು ನೋಡಿ ಬರ್ಲಿನ್ನಿನ ಪ್ರಾಣಿವಿಜ್ಞಾನಿ ವಿಲ್ಹೆಲ್ಮ್ ಪೀಟರ್ಸ್ ಅದಕ್ಕೆ ಪೊಯೆಸಿಲಿಯ ರೆಟಿಕ್ಯುಲಾಟ ಎಂಬ ಹೆಸರಿಟ್ಟನು. ಟ್ರಿನಿಡಾಡ್ ದ್ವೀಪದಲ್ಲಿ ನೆಲೆಸಿ, ಶಾಲೆಗಳ ತನಿಖಾಧಿಕಾರಿಯಾಗಿದ್ದುಕೊಂಡೇ ಭೂವಿಜ್ಞಾನದಲ್ಲಿ ತೊಡಗಿದ್ದ ರಾಬರ್ಟ್ ಜಾನ್ ಲೆಕ್‌ಮಿಯರ್ ಗಪ್ಪಿ ಎಂಬವನು ಕಳುಹಿಸಿದ ಮೀನುಗಳನ್ನು ಬ್ರಿಟಿಷ್ ಮ್ಯೂಸಿಯಂನ ಆಲ್ಬರ್ಟ್ ಗುಂಥರ್ 1866ರಲ್ಲಿ ಹೊಸ ಪ್ರಭೇದವೆಂದೇ ಬಗೆದು, ಕಳುಹಿಸಿದವನ ಹೆಸರನ್ನು ಅದಕ್ಕೆ ಕೊಟ್ಟನು. ಮುಂದೆ ಅದು ಪೀಟರ್ಸ್ ವರ್ಣಿಸಿದ ಮೀನೇ ಎಂದು ತಿಳಿದು ಗುಂಥರನ ಹೆಸರು ಶಾಸ್ತ್ರದಿಂದ ಬಿದ್ದುಹೋಯಿತಾದರೂ ಜನರ ಬಾಯಲ್ಲಿ ಗಪ್ಪಿಯೇ ಉಳಿಯಿತು.

ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪದಲ್ಲಿ ಇದೇ ಮೀನನ್ನು, ಅದರ ಲೆಕ್ಕವಿಲ್ಲದ ಮರಿಗಳನ್ನು ಕಂಡು, ‘ಮಿಲಿಯನ್ಸ್’ ಎಂದು ಕರೆಯುತ್ತಿದ್ದರು. ಸುತ್ತಲಿನ ದ್ವೀಪಗಳಲ್ಲಿ ಮಲೇರಿಯ ಇದ್ದರೂ ಬಾರ್ಬಡೋಸಿನಲ್ಲಿ ಇಲ್ಲದಿರುವುದಕ್ಕೆ ಸೊಳ್ಳೆಮರಿಗಳನ್ನು ತಿನ್ನುವ ಈ ಮೀನೇ ಕಾರಣವೆಂಬ ಅಭಿಪ್ರಾಯ 20ನೇ ಶತಮಾನದ ಮೊದಲ ದಶಕದಲ್ಲಿ ಬಲಗೊಂಡಿತು, ಕೀಟವಿಜ್ಞಾನಿ ಎಚ್. ಎ. ಬಾಲೂ 1908ರಲ್ಲಿ ಈ ಕುರಿತು ಬರೆದ ಕಿರುಹೊತ್ತಗೆಯೂ ಬಂತು. ಮಲೇರಿಯ ಇಲ್ಲದಿರುವುದಕ್ಕೆ ಒಂದೇ ಮೀನನ್ನು ಕಾರಣವಾಗಿ ತೋರಿಸಿದ್ದು ಅವಸರದ ತೀರ್ಮಾನವೆಂದೇ ಹೇಳಬೇಕು. ಅದು ಏನೇ ಇರಲಿ, ಆ ನಂಬಿಕೆಯಿಂದಾಗಿ ಮೀನು ಹಡಗು ಹತ್ತಿ ಬ್ರಿಟಿಷ್ ಆಡಳಿತದ ದೂರದ ಪ್ರದೇಶಗಳನ್ನು ಸೇರಿತು; ಭಾರತಕ್ಕೂ ಅದು ಬಂದದ್ದು ಸರಿಸುಮಾರು ಇದೇ ವರ್ಷಗಳಲ್ಲಿ.

ಜೀವಂತ ಗಪ್ಪಿ 1908ರ ಹೊತ್ತಿಗೆ ಜರ್ಮನಿಯನ್ನು ಮುಟ್ಟಿದಾಗ ಅಲ್ಲಿ ಅದಕ್ಕೆ ಬೇರೆಯೇ ಬಗೆಯ ಸ್ವಾಗತ ಕಾದಿತ್ತು. ನೀರುಗಿಡ ಮತ್ತು ಮೀನುಗಳನ್ನು ಒಂದೇ ಗಾಜಿನ ತೊಟ್ಟಿಯಲ್ಲಿ ಒಟ್ಟಿಗೆ ಬದುಕಿಸುವ ಹವ್ಯಾಸವನ್ನು ಎಮಿಲ್ ರಾಸ್‌ಮೆಸ್ಲರ್ 1856ರಲ್ಲಿ ಬರೆದ ಲೇಖನವೊಂದು ಆ ನಾಡಿನಲ್ಲಿ ಜನಪ್ರಿಯಗೊಳಿಸಿತ್ತು. ಬೆಚ್ಚನೆಯ ನೀರು ಬೇಡುವ ಮೀನುಗಳಿಗಾಗಿ ಲೋಹದ ತಳವಿರುವ ತೊಟ್ಟಿಯ ಕೆಳಗೆ ಎಣ್ಣೆಯದೋ ಗ್ಯಾಸಿನದೋ ಸಣ್ಣ ಉರಿಯನ್ನು ಇಡುವ ಪದ್ಧತಿಯೂ ಬಳಕೆಯಲ್ಲಿತ್ತು. ಮೊಟ್ಟೆಯಿಡುವ ಮೀನುಗಳನ್ನು ಸಾಕುವವರಿಗೆ ಮೊಟ್ಟೆಯನ್ನು ಕಾಪಾಡುವುದೇ ಮೊದಲ ಕಷ್ಟವಾಗಿದ್ದರೆ, ಮರಿ ಹಾಕುವ ಗಪ್ಪಿಯಲ್ಲಿ ಆ ಕಷ್ಟವಿರಲಿಲ್ಲ. ಹುಟ್ಟಿದ ಮರಿಗಳನ್ನು ಹೆತ್ತ ತಾಯಿಯ ಬಾಯಿಂದ ಉಳಿಸುವುದೇ ದೊಡ್ಡ ಕಷ್ಟವಾಯಿತು.

ಗಪ್ಪಿಯ ಗಂಡಿನಲ್ಲಿ ಹೊಟ್ಟೆಯ ಕೆಳಗಿನ ಹಿಂದಿನ ಈಜುರೆಕ್ಕೆ ಉದ್ದ ಕಡ್ಡಿಯಂತಾಗಿ ವೀರ್ಯವನ್ನು ಹೆಣ್ಣಿನ ದೇಹದೊಳಗೆ ಸೇರಿಸುವ ಅಂಗವಾಗಿರುತ್ತದೆ. ಇದಕ್ಕೆ ಗೊನೊಪೋಡಿಯಂ ಎಂದು ಹೆಸರು. ಮೊಟ್ಟೆಗಳು ಫಲಿತವಾಗುವುದೂ ಭ್ರೂಣಗಳು ಬೆಳೆಯುವುದೂ ಹೆಣ್ಣಿನ ಅಂಡಾಶಯದಲ್ಲಿಯೇ. ಭ್ರೂಣಕ್ಕೆ ಆಹಾರ ಬಹುಮಟ್ಟಿಗೆ ಮೊಟ್ಟೆಯ ಭಂಡಾರದಿಂದಲೇ, ಅಂದರೆ ಅದರ ಹಳದಿಯಿಂದಲೇ, ಒದಗುತ್ತದೆ. 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರಿನಲ್ಲಿ ಸುಮಾರು ನಾಲ್ಕು ವಾರಗಳಿಗೆ ದಿನ ತುಂಬುತ್ತದೆ, ನೀರು ತಣ್ಣಗಿದ್ದಷ್ಟೂ ಅವಧಿ ಹಿಗ್ಗುತ್ತದೆ. ಹೊಟ್ಟೆಯ ಹಿಂಭಾಗದಲ್ಲಿ ಕಾಣುವ ‘ಗರ್ಭದ ಕಲೆ’ ಎಂಬ ಕಪ್ಪು ಗುರುತು ದೊಡ್ಡದಾಗಿ ಗಾಢವಾಗುವುದು, ಹೊಟ್ಟೆ ಪಕ್ಕದಿಂದ ನೋಡಿದಾಗ ಚೌಕಾಕಾರವಾಗಿ ತೋರುವುದು, ಕೆಲವೊಮ್ಮೆ ಮರಿಗಳ ಕಣ್ಣುಗಳೇ ಚರ್ಮದ ಹಿಂದೆ ಚುಕ್ಕೆಗಳಂತೆ ಕಾಣುವುದು, ಇವನ್ನೆಲ್ಲ ಸಾಕುವವರು ಹೆರಿಗೆ ಹತ್ತಿರವಾದುದರ ಲಕ್ಷಣಗಳೆಂದು ಗುರುತಿಸಿಕೊಂಡರು.

ಹೆರಿಗೆಗೆಂದು ಅವರು ರೂಪಿಸಿದ ಸಾಧನಗಳಲ್ಲಿ ಅತ್ಯಂತ ಹಳೆಯವು ಬಲು ಸರಳ. ಎರಡು ಗಾಜಿನ ಹಾಳೆಗಳನ್ನು ಮೇಲೆ ಅಗಲವಾಗಿಯೂ ಕೆಳಗೆ ಕಿರಿದಾದ ಸೀಳು ಉಳಿಯುವಂತೆಯೂ ಓರೆಯಾಗಿ ಜೋಡಿಸಿ, ತಾಯಿಯನ್ನು ಅವುಗಳ ನಡುವೆ ಬಿಟ್ಟರೆ, ಆರೇಳು ಮಿಲಿಮೀಟರ್ ಉದ್ದದ ಮರಿಗಳು ಹುಟ್ಟುತ್ತಲೇ ಸೀಳಿನಿಂದ ಕೆಳಗಿಳಿದು ಪಾರಾಗುತ್ತವೆ, ತಾಯಿ ಮೇಲೆಯೇ ಉಳಿಯುತ್ತದೆ. ಇಂದು ಅಂಗಡಿಗಳಲ್ಲಿ ದೊರೆಯುವ ಪ್ಲಾಸ್ಟಿಕ್ ಹೆರಿಗೆ ಪೆಟ್ಟಿಗೆ ಇದೇ ಉಪಾಯದ ಮುಂದುವರಿಕೆ. ಆದರೆ ದಿನ ತುಂಬಿದ ಹೆಣ್ಣನ್ನು ಹಿಡಿದು ಇಕ್ಕಟ್ಟಿನ ಜಾಗಕ್ಕೆ ಹಾಕಿದಾಗ ಅದು ಬೆದರಿ, ಭಂಡಾರದ ಚೀಲ ಇನ್ನೂ ಕರಗದ ಮರಿಗಳನ್ನು ಅಕಾಲದಲ್ಲಿ ಹಾಕುವುದುಂಟು. ಅಂಥವು ಉಳಿಯುವುದು ಕಷ್ಟ. ಈ ದೃಷ್ಟಿಯಿಂದ ನೋಡಿದರೆ, ತೊಟ್ಟಿಯಲ್ಲಿ ಜಾವಾ ಪಾಚಿ, ರಿಕ್ಸಿಯ, ನಾಜಸ್ ಮುಂತಾದ ದಟ್ಟ ಸಸ್ಯಗಳನ್ನು ಬೆಳೆಸಿ, ಕೆಲವು ದಿನ ಮೊದಲೇ ತಾಯಿಯನ್ನು ಅಲ್ಲಿಗೆ ಬಿಟ್ಟು, ಹೆರಿಗೆಯ ಬಳಿಕ ತಾಯಿಯನ್ನೇ ಬೇರ್ಪಡಿಸುವ ಗಿಡಗಳ ಪದ್ಧತಿಯೇ ಮೇಲಾದುದು. ಒಂದು ಸೂಲಿಗೆ ಸಾಮಾನ್ಯವಾಗಿ 20ರಿಂದ 40 ಮರಿಗಳು ಹುಟ್ಟುತ್ತವೆ. ದೊಡ್ಡ ಹೆಣ್ಣು ನೂರಕ್ಕೂ ಮೀರಿ ಹಾಕುವುದುಂಟು.

ಮರಿಗಳ ಆಹಾರದ ಚರಿತ್ರೆಯೂ ಇದರೊಂದಿಗೆ ಹೆಣೆದುಕೊಂಡಿದೆ. ಒಣಹುಲ್ಲನ್ನು ನೀರಿನಲ್ಲಿ ನೆನೆಸಿ ಬೆಳೆಸಿದ ಸೂಕ್ಷ್ಮಜೀವಿಗಳು, ಬೇಯಿಸಿದ ಮೊಟ್ಟೆಯ ಹಳದಿಯ ಪುಡಿ, ಅರೆದ ಒಣ ಆಹಾರ, ಇವೇ ಮೊದಲಿನ ಸಾಕಣೆಗಾರರ ಆಸರೆಯಾಗಿದ್ದವು. ಉಪ್ಪುನೀರಿನ ಆರ್ಟೀಮಿಯ ಎಂಬ ಸಿಗಡಿಜಾತಿಯ ಜೀವಿಯ, ಅರ್ಧ ಮಿಲಿಮೀಟರಿಗಿಂತ ಚಿಕ್ಕದಾದ ಎಳೆಮರಿಗಳು ಮೀನಿನ ಮರಿಗೆ ಉತ್ತಮ ಜೀವಂತ ಆಹಾರವೆಂದು ಸ್ಯಾನ್ ಫ್ರಾನ್ಸಿಸ್ಕೊದ ಸ್ಟೈನ್‌ಹಾರ್ಟ್ ಅಕ್ವೇರಿಯಂನ ಆಲ್ವಿನ್ ಸೀಲ್ 1933ರಲ್ಲಿ ಪ್ರಕಟಿಸಿದನು. ಒಣಗಿಸಿಟ್ಟ ಮೊಟ್ಟೆಗಳನ್ನು ಉಪ್ಪುನೀರಿಗೆ ಹಾಕಿದರೆ ಒಂದೆರಡು ದಿನಗಳಲ್ಲಿ ಮರಿಯೊಡೆಯುವುದರಿಂದ, ಬೇಕೆಂದಾಗ ಜೀವಂತ ಆಹಾರ ಒದಗಿಸುವುದು ಸಾಧ್ಯವಾಯಿತು.

ಬಸುರಿ ಗಪ್ಪಿಯನ್ನು ಅತ್ಯಂತ ಎಚ್ಚರಿಕೆಯಿಂದ ಕಂಡದ್ದು ಮಾತ್ರ ಹವ್ಯಾಸಿಗಳಲ್ಲ, ಕೋಪನ್‌ಹೇಗನ್ನಿನ ಬಿಯರ್ ಕಾರ್ಖಾನೆಯೊಂದು ಸ್ಥಾಪಿಸಿದ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯವರು. ಈಲ್ ಮೀನಿನ ಹುಟ್ಟೂರನ್ನು ಅಟ್ಲಾಂಟಿಕ್ ಸಾಗರದಲ್ಲಿ ಅರಸಿ ಹೆಸರಾದ ಯೊಹಾನೆಸ್ ಸ್ಮಿತ್, ಗಂಡು ಗಪ್ಪಿಯ ಬೆನ್ನಿನ ರೆಕ್ಕೆಯ ಮೇಲಿನ ಕಪ್ಪು ಚುಕ್ಕೆ ತಂದೆಯಿಂದ ಗಂಡುಮಕ್ಕಳಿಗೆ ಮಾತ್ರ ಇಳಿಯುವುದನ್ನು 1920ರಲ್ಲಿ ಪ್ರಕಟಿಸಿದನು. ಅವನ ಕೆಲಸವನ್ನು ಮುಂದುವರಿಸಿದ ಓಯ್ವಿಂಡ್ ವಿಂಗೆ, ಆ ಲಕ್ಷಣವು ಗಂಡುತನವನ್ನು ನಿರ್ಧರಿಸುವ ವೈ ವರ್ಣತಂತುವಿನ ಮೇಲಿದೆಯೆಂದು 1922ರಲ್ಲಿ ತೋರಿಸಿದನು. ಇಂಥ ಪ್ರಯೋಗಕ್ಕೆ ಮರಿಗಳ ತಂದೆ ಯಾವುದೆಂಬುದು ನಿಸ್ಸಂದೇಹವಾಗಿ ಗೊತ್ತಿರಬೇಕು. ಹೆಣ್ಣು ಗಪ್ಪಿ ಒಮ್ಮೆ ಪಡೆದ ವೀರ್ಯವನ್ನು ಹಲವು ತಿಂಗಳು ದೇಹದಲ್ಲಿ ಕಾಪಿಟ್ಟುಕೊಂಡು, ಗಂಡಿನ ಮುಖ ಕಾಣದೆಯೂ ಸೂಲಿನ ಮೇಲೆ ಸೂಲು ಹೆರಬಲ್ಲದಾದ್ದರಿಂದ, ಮರಿಗಳನ್ನು ಪ್ರಾಯಕ್ಕೆ ಬರುವ ಮೊದಲೇ ಹೆಣ್ಣು ಗಂಡೆಂದು ಬೇರ್ಪಡಿಸುವುದು ಅನಿವಾರ್ಯವಾಗಿತ್ತು. ತಳಿಯ ಶುದ್ಧಿಯನ್ನು ಬಯಸುವ ಸಾಕಣೆಗಾರರು, ಎಳೆಯ ಹೆಣ್ಣುಮರಿಗಳಲ್ಲಿ ಗರ್ಭದ ಕಲೆ ಮೂಡತೊಡಗುವ ಮೂರು ನಾಲ್ಕು ವಾರಗಳ ವಯಸ್ಸಿನಲ್ಲಿಯೇ, ಇಂದಿಗೂ ಪಾಲಿಸುವುದು ಇದೇ ಶಿಸ್ತನ್ನು.

ಈ ಶಿಸ್ತಿನಿಂದಲೇ ಒಂದು ದೊಡ್ಡ ವಿವಾದವೂ ಹುಟ್ಟಿತು. ಲಂಡನ್ನಿನಲ್ಲಿ ಹೆಲೆನ್ ಸ್ಪರ್ವೇ ಎಂಬ ಜೀವವಿಜ್ಞಾನಿ ಹುಟ್ಟಿನಿಂದಲೂ ಒಂಟಿಯಾಗಿರಿಸಿದ ಹೆಣ್ಣು ಗಪ್ಪಿಗಳು ಮರಿ ಹಾಕಿದುದನ್ನು ಕಂಡು, ಗಂಡಿನ ಸಂಪರ್ಕವಿಲ್ಲದ ಸಂತಾನೋತ್ಪತ್ತಿ ಮೀನಿನಲ್ಲಿ ತಾನಾಗಿ ನಡೆಯಬಲ್ಲದೆಂದು 1953ರಲ್ಲಿ ಬರೆದಳು. 1955ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು ಮನುಷ್ಯರಲ್ಲಿಯೂ ಅಂಥ ಜನನಗಳನ್ನು ಹುಡುಕಹೊರಟಿತು. ಎಚ್ಚರದ ಪ್ರಯೋಗವನ್ನು ಬೀದಿಯ ಕುತೂಹಲಕ್ಕೆ ಒಡ್ಡಿದ್ದು ವಿಷಾದದ ಸಂಗತಿ.

ಭಾರತದಲ್ಲಿ ಗಪ್ಪಿ ಸೊಳ್ಳೆಯ ಶತ್ರುವಾಗಿಯೇ ಹೆಚ್ಚು ಪರಿಚಿತ. ಕರ್ನಾಟಕದ ರೇಷ್ಮೆ ಸೀಮೆಯಲ್ಲಿ ಹುಳು ಸಾಕುವ ಮನೆಯೊಳಗೆ ಕೀಟನಾಶಕ ಸಿಂಪಡಿಸಿದರೆ ಹುಳುಗಳೇ ಸಾಯುವ ಭಯವಿರುವುದರಿಂದ, ನೀರಿನಲ್ಲಿಯೇ ಸೊಳ್ಳೆಮರಿಯನ್ನು ತಿನ್ನುವ ಮೀನಿಗೆ ಇಲ್ಲಿ ವಿಶೇಷ ಬೆಲೆ ಬಂತು. ಹಳ್ಳಿಗಳ ಬಾವಿಗಳಿಗೆ ಇಂಥ ಮೀನುಗಳನ್ನು ಬಿಟ್ಟು ಮಲೇರಿಯ ಹರಡುವ ಅನಾಫಿಲಿಸ್ ಸೊಳ್ಳೆಯನ್ನು ತಗ್ಗಿಸಿದ ಪ್ರಯೋಗಗಳ ವರದಿ 2005ರಲ್ಲಿ ಪ್ರಕಟವಾಯಿತು. ಗೋಡೆ ಕಟ್ಟಿದ ಬಾವಿಯಿಂದ ಮೀನು ಹೊರಬೀಳುವ ದಾರಿ ಇಲ್ಲ. ಆದರೆ ದಕ್ಷಿಣ ಕರ್ನಾಟಕದ ಬಯಲುಸೀಮೆಯ ಕೆರೆಗಳು ಒಂದರ ಕೋಡಿಯಿಂದ ಇನ್ನೊಂದಕ್ಕೆ ನೀರು ಹರಿಸುತ್ತ ಸರಣಿಯಾಗಿ ಕೂಡಿಕೊಂಡಿವೆ. ಟ್ರಿನಿಡಾಡಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು, ವೀರ್ಯವನ್ನು ಕಾಪಿಟ್ಟುಕೊಂಡ ಒಂದೇ ಒಂದು ಬಸುರಿ ಗಪ್ಪಿಯಿಂದ ಹೊಸ ನೀರಿನಲ್ಲಿ ಪೂರ್ತಿ ಸಂತತಿ ನೆಲೆಗೊಳ್ಳಬಲ್ಲದೆಂದು ತೋರಿಸಿರುವುದರಿಂದ, ಮನೆಯ ತೊಟ್ಟಿಯಲ್ಲಿ ಹೆಚ್ಚಾದ ಮೀನುಗಳನ್ನು ಕೆರೆಗೆ ಬಿಡುವ ರೂಢಿಯು ಆ ಕೆರೆಯಷ್ಟಕ್ಕೇ ನಿಲ್ಲದೆ, ಕೋಡಿ ಹರಿದ ಮಳೆಗಾಲದಲ್ಲಿ ಕೆಳಗಿನ ಕೆರೆಗಳ ಸ್ಥಳೀಯ ಸಣ್ಣ ಮೀನುಗಳಿಗೂ ಪೈಪೋಟಿಯನ್ನು ಒಡ್ಡಬಲ್ಲದು.