ಜಕ್ಕೂರಿನ ವಿಮಾನಕ್ಷೇತ್ರ

ವಿಮಾನಶಬ್ದಕ್ಕೆ ಗ್ರಂಥಗಳಲ್ಲಿ ಎರಡು ಅರ್ಥಗಳು ಪ್ರಸಿದ್ಧವಾಗಿವೆ. ತುರುವೇಕೆರೆಯ ಹೊಯ್ಸಳ ದೇವಾಲಯಗಳನ್ನು ವರ್ಣಿಸುವಾಗ ಅದು ಗರ್ಭಗೃಹವನ್ನೂ ಅದರ ಮೇಲಣ ಶಿಖರವನ್ನೂ ಸೂಚಿಸುವುದು; ಪುರಾಣಗಳಲ್ಲಿ ದೇವತೆಗಳ ಗಗನಯಾನವನ್ನು. ಈ ಎರಡನೆಯ ಅರ್ಥವನ್ನೇ ಹಿಡಿದು, ಪ್ರಾಚೀನರು ವಿಮಾನಗಳನ್ನು ಕಟ್ಟಿ ಹಾರಿಸಿದ್ದರೆಂದು ಸಾಧಿಸಹೊರಡುವವರು 'ವೈಮಾನಿಕ ಶಾಸ್ತ್ರ'ವೆಂಬ ಗ್ರಂಥವನ್ನು ಪ್ರಮಾಣವಾಗಿ ಒಡ್ಡುವುದುಂಟು. ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಯಿಸಿದ ಈ ಗ್ರಂಥವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು 1974ರಲ್ಲಿ ಪರಿಶೀಲಿಸಿ, ಅದು 1904ಕ್ಕಿಂತ ಹಿಂದಿನದಲ್ಲವೆಂದೂ, ಅದರಲ್ಲಿ ವರ್ಣಿತವಾದ ವಿಮಾನಗಳು ಹಾರಲಾರವೆಂದೂ ನಿರ್ಣಯಿಸಿದರು. ಸಂಸ್ಕೃತವನ್ನು ಬಲ್ಲವರಿಗೆ ಈ ನಿರ್ಣಯದಿಂದ ಲಾಘವವೇನೂ ಇಲ್ಲ. ಕಲ್ಪಿತವಾದ ಹಿರಿಮೆಗೆ ಹಂಬಲಿಸುವ ಭರದಲ್ಲಿ ನಾಡಿನ ನಿಜವಾದ ವಿಮಾನಚರಿತ್ರೆಯು ಉಪೇಕ್ಷೆಗೆ ಗುರಿಯಾಗಿರುವುದೇ ಶೋಚನೀಯವು.

ಆ ಚರಿತ್ರೆಯಲ್ಲಿ 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಿಂದ ಸ್ಥಾಪಿಸಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯು ಎಲ್ಲರಿಗೂ ವಿದಿತವೇ ಆಗಿದೆ. ಅಷ್ಟು ಹೆಸರಾಗದ ಇನ್ನೊಂದು ನೆಲೆಯು ಬೆಂಗಳೂರಿನ ಉತ್ತರಕ್ಕೆ, ಬಳ್ಳಾರಿ ರಸ್ತೆಯ ಸಮೀಪದಲ್ಲಿರುವ ಜಕ್ಕೂರಿನ ಸಣ್ಣ ವಿಮಾನಕ್ಷೇತ್ರವು. 1940ರ ದಶಕದ ಅಂತ್ಯದಲ್ಲಿ, ಜಯಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಅಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯು ಏರ್ಪಟ್ಟಿತು. ಕ್ಷೇತ್ರವು ರಾಜ್ಯಸರ್ಕಾರದ ಸ್ವತ್ತು. ಶಾಲೆಯ ಆಡಳಿತವು ಯುವಜನ ಮತ್ತು ಕ್ರೀಡಾ ಇಲಾಖೆಗೆ ಸೇರಿರುವುದು ಮೊದಲು ಕೇಳಿದವರಿಗೆ ವಿಚಿತ್ರವೆನಿಸೀತು; ಪ್ರಯಾಣಿಕರನ್ನು ಸಾಗಿಸುವುದು ಅದರ ಉದ್ದೇಶವಲ್ಲ, ತರುಣರಿಗೆ ವಿದ್ಯೆ ಕಲಿಸುವುದೇ ಉದ್ದೇಶವೆಂಬುದನ್ನು ನೆನೆದರೆ ಆ ವೈಚಿತ್ರ್ಯವು ಪರಿಹಾರವಾಗುವುದು.

ಇಂತಹ ಶಾಲೆಗಳಿಗಾಗಿಯೂ ವೈಮಾನಿಕ ಸಂಘಗಳಿಗಾಗಿಯೂ ಬೆಂಗಳೂರಿನ ಕಾರ್ಖಾನೆಯಲ್ಲಿ ಇಬ್ಬರು ಕುಳಿತುಕೊಳ್ಳಬಹುದಾದ ಹಗುರವಾದ ವಿಮಾನವೊಂದು ನಿರ್ಮಿತವಾಯಿತು. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1958ರ ಸೆಪ್ಟೆಂಬರಿನಲ್ಲಿ ಮೊದಲು ಹಾರಿದ ಅದಕ್ಕೆ 'ಪುಷ್ಪಕ'ವೆಂದು ಹೆಸರಿಟ್ಟರು. ಪುಷ್ಪಕವು ಯಕ್ಷರಾಜನಾದ ಕುಬೇರನದು. ಯಕ್ಷಶಬ್ದದ ತದ್ಭವವು 'ಜಕ್ಕ'. ಜಕ್ಕೂರು ಪುಷ್ಪಕಗಳ ಊರೆಂದು ಚಮತ್ಕಾರವಾಗಿ ಹೇಳಬಹುದು. ಆದರೆ ಶಬ್ದಸಾಮ್ಯವು ಚರಿತ್ರೆಗೆ ಪ್ರಮಾಣವಲ್ಲ. ರಾಮಾಯಣದ ಪುಷ್ಪಕವು ಇಚ್ಛಾಮಾತ್ರದಿಂದ ಸಂಚರಿಸಿತು. ಬೆಂಗಳೂರಿನದಕ್ಕೆ ಸುಮಾರು 90 ಅಶ್ವಶಕ್ತಿಯ ಯಂತ್ರ, ಪೆಟ್ರೋಲು, ಕಲಿತ ಕೈ ಈ ಮೂರೂ ಬೇಕಾಗಿದ್ದುವು.

ತೆಂಗಿನ ಸೀಮೆಗೂ ಜಕ್ಕೂರಿಗೂ ಸಂಬಂಧವುಂಟು. ತಿಪಟೂರಿನ ನೆರೆಯ ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನ ಬಳಿ ಬರಡುನೆಲವನ್ನು ಹಸನುಮಾಡಿ ತೆಂಗು ಬೆಳೆದ ಕ್ಯಾಪ್ಟನ್ ಜಿ. ಆರ್. ಗೋಪಿನಾಥರು, 1990ರ ದಶಕದಲ್ಲಿ ಹೆಲಿಕಾಪ್ಟರುಗಳನ್ನು ಬಾಡಿಗೆಗೆ ಕೊಡುವ ಡೆಕ್ಕನ್ ಏವಿಯೇಷನ್ ಸಂಸ್ಥೆಯನ್ನು ಸ್ಥಾಪಿಸಿ, ಜಕ್ಕೂರನ್ನೇ ಅದಕ್ಕೆ ನೆಲೆಯಾಗಿ ಮಾಡಿಕೊಂಡರು. 2003ರಲ್ಲಿ ಸಾಮಾನ್ಯರಿಗೂ ಎಟುಕುವ ದರದಲ್ಲಿ ವಿಮಾನಗಳನ್ನು ಓಡಿಸಿದ ಏರ್ ಡೆಕ್ಕನ್ ಇದರಿಂದಲೇ ಹುಟ್ಟಿತು. ದೊಡ್ಡ ನಿಲ್ದಾಣದಲ್ಲಿ ಇಂತಹ ಉದ್ಯಮಕ್ಕೆ ಎಡೆ ದೊರೆಯುವುದು ಸುಲಭವಲ್ಲ.

2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಯ ಬಳಿ ಹೊಸ ನಿಲ್ದಾಣವು ತೆರೆದ ಮೇಲೆ ಬಳ್ಳಾರಿ ರಸ್ತೆಯಲ್ಲಿ ವಾಹನಗಳು ದಟ್ಟವಾದುವು. ಅವುಗಳಿಗಾಗಿ ಕಂಬಗಳ ಮೇಲೆ ಎತ್ತರಿಸಿದ ಹೆದ್ದಾರಿಯು ಜಕ್ಕೂರಿನ ಓಡುದಾರಿಯ ಒಂದು ತುದಿಗೆ ಸಮೀಪವಾಗಿ ಹಾದುಹೋಯಿತು. ಇಳಿಯುವ ವಿಮಾನವು ಆ ಹೆದ್ದಾರಿಯನ್ನು ಸಾಕಷ್ಟು ಎತ್ತರದಲ್ಲಿ ದಾಟಿ ಬರಬೇಕಾದುದರಿಂದ, ಅದು ನೆಲವನ್ನು ಮುಟ್ಟಬಹುದಾದ ಎಡೆಯು ಒಳಕ್ಕೆ ಸರಿದು, ಮೊದಲೇ ಮೋಟಾದ ಓಡುದಾರಿಯು ಮತ್ತಷ್ಟು ಮೊಟಕಾಯಿತು. ಶಾಲೆಯ ಶಿಕ್ಷಣಕ್ಕೂ ಅಡ್ಡಿಯುಂಟಾಯಿತು.