ಹೊಳೆ ದಾಟುವ ದಿನ

ಹೊಸ ಹೆಣ್ಣುಮಗಳು ಗಂಡನ ಮನೆಗೆ ಯಾವ ದಿನ ಹೊರಡಬೇಕೆಂಬ ಪ್ರಶ್ನೆ ನಮ್ಮ ಕಡೆ ಬಹಳ ಹಳೆಯದು. ಶುಕ್ರ ಎದುರಿಗಿರಬಾರದು, ಮೂಢ ಇರಬಾರದು, ಆಷಾಢವಂತೂ ಕೂಡದು. ಇಂಥ ಪ್ರಶ್ನೆಯನ್ನು ಹಿಡಿದುಕೊಂಡು ಜನ ಪುರೋಹಿತರ ಮನೆಗೆ ಹೋಗುವರೇ ಹೊರತು ಕನ್ನಡದ ಉಪನ್ಯಾಸಕನ ಮನೆಗೆ ಬರುವುದಿಲ್ಲ. ಆದರೆ ಒಂದು ಚೈತ್ರದ ಸಂಜೆ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದೆಯೊಡನೆ ಮಾನ್ವಿಯಿಂದ ಬಸ್ಸು ಹಿಡಿದು ರಾಯಚೂರಿಗೆ ಬಂದು, ನನ್ನ ಮುಂದೆ ಇದೇ ಪ್ರಶ್ನೆಯನ್ನಿಟ್ಟಳು.

ಹುಡುಗಿಯನ್ನು ಕೊಟ್ಟದ್ದು ದೇವದುರ್ಗದ ಮನೆತನಕ್ಕೆ. ಅಳಿಯ ಅಮೆರಿಕದ ಪ್ರಜೆಯಾಗಿ ಅಲ್ಲಿಯೇ ನೆಲೆಸಿದವನು. ಮದುವೆಯಾದ ಮೇಲೆ ಅರ್ಜಿ, ದಾಖಲೆ, ವೈದ್ಯಕೀಯ ಪರೀಕ್ಷೆ, ಮುಂಬಯಿಯ ಸಂದರ್ಶನ ಎಂದು ಹೆಚ್ಚು ಕಡಿಮೆ ಎರಡು ವರ್ಷ ಕಳೆದು, ಕಡೆಗೆ ವೀಸಾ ಕೈಸೇರಿತ್ತು. ಆಗಸ್ಟ್ ಕೊನೆಯೊಳಗೆ ಆ ದೇಶವನ್ನು ಪ್ರವೇಶಿಸಬೇಕು. ಅಳಿಯ ಮೇ 26ಕ್ಕೆ ಟಿಕೇಟು ತೆಗೆಸಿಬಿಟ್ಟಿದ್ದ. ಮದುವೆಗೆ ಎರಡು ವರ್ಷ ತುಂಬುವುದು ಜೂನ್ 12ಕ್ಕೆ. ಈ ಎರಡು ತಾರೀಖುಗಳ ನಡುವಿನ ಹದಿನೇಳು ದಿನಗಳೇ ಅವಳ ತೊಡಕು.

ಓದುಗರಿಗೆ ಇದು ವಿಚಿತ್ರವೆನಿಸಬಹುದು, ನನಗೂ ಎನಿಸಿತು. 1986ರಲ್ಲಿ ಅಮೆರಿಕದ ಶಾಸನಸಭೆ ಒಂದು ಕಾನೂನು ಮಾಡಿತು. ವೀಸಾದ ಆಸೆಗಾಗಿ ಹುಸಿ ಮದುವೆಗಳು ನಡೆಯುತ್ತಿವೆಯೆಂಬುದು ಅದಕ್ಕೆ ಕಾರಣ. ಅಂದು ಮುಂದೊಡ್ಡಿದ ಅಂದಾಜು ಗಟ್ಟಿಯಾದ ತಳಹದಿಯದಲ್ಲವೆಂಬುದು ಅನಂತರ ಗೊತ್ತಾಯಿತು. ಕಾನೂನು ಮಾತ್ರ ಉಳಿಯಿತು. ಅದರ ಪ್ರಕಾರ, ಹೆಂಡತಿ (ಅಥವಾ ಗಂಡ) ಆ ದೇಶಕ್ಕೆ ಕಾಲಿಟ್ಟು ಕಾಯಂ ನಿವಾಸಿಯಾಗುವ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ, ಆಕೆಗೆ ಸಿಗುವುದು ಷರತ್ತಿನ ಗ್ರೀನ್ ಕಾರ್ಡು. ಅದರ ಅವಧಿ ಎರಡು ವರ್ಷ. ಅವಧಿಯ ಕೊನೆಯ ತೊಂಬತ್ತು ದಿನಗಳಲ್ಲಿ ಗಂಡಹೆಂಡಿರಿಬ್ಬರೂ ಕೂಡಿ ರುಜು ಹಾಕಿ, ನಮ್ಮ ಸಂಸಾರ ನಿಜವಾದದ್ದೆಂದು ಅರ್ಜಿ ಕೊಡಬೇಕು. ಎರಡು ವರ್ಷ ತುಂಬಿದ ಮೇಲೆ ಕಾಲಿಟ್ಟರೆ ಈ ಷರತ್ತೇ ಇಲ್ಲ. ಲೆಕ್ಕಕ್ಕೆ ಬರುವುದು ವೀಸಾ ಕೊಟ್ಟ ದಿನವಲ್ಲ, ವಿಮಾನ ಹತ್ತಿದ ದಿನವೂ ಅಲ್ಲ. ಆಚೆಯ ದಡದ ಅಧಿಕಾರಿಯ ಮುಂದೆ ನಿಂತ ದಿನ.

ಆ ಜಂಟಿ ರುಜುವಿನಲ್ಲಿದೆ ಎಲ್ಲವೂ. ಗಂಡ ಒಳ್ಳೆಯವನಾದರೆ ಅದು ಒಂದು ಕಾಗದ. ಅಲ್ಲದಿದ್ದರೆ ಅದೇ ಒಂದು ಹಗ್ಗ. ರುಜು ಹಾಕುವುದಿಲ್ಲವೆಂದು ಹೆದರಿಸಿಯೇ ಹೆಂಡತಿಯನ್ನು ಬಗ್ಗಿಸಬಲ್ಲ ಗಂಡಂದಿರಿದ್ದರು. ಆ ಕೂಗು ಕೇಳಿ 1990ರಲ್ಲಿ, ಹಿಂಸೆಗೆ ಒಳಗಾದವರು ಗಂಡನ ರುಜುವಿಲ್ಲದೆ ತಾವೇ ಅರ್ಜಿ ಹಾಕಬಹುದೆಂದು ಕಾನೂನನ್ನು ತಿದ್ದಿದರು. ಬಾಗಿಲೇನೋ ತೆರೆಯಿತು. ಆದರೆ ಪರದೇಶದಲ್ಲಿ, ಒಂಟಿಯಾಗಿ, ತನಗಾದ ಹಿಂಸೆಯನ್ನು ದಾಖಲೆ ಸಮೇತ ರುಜುವಾತು ಮಾಡಿ ಆ ಬಾಗಿಲು ದಾಟುವುದು ಹೇಳಿದಷ್ಟು ಸುಲಭವಲ್ಲ.

“ಅವರು ಒಳ್ಳೆಯವರೇ ಸರ್,” ಎಂದಳು ಹುಡುಗಿ. “ಆದ್ರೂ ಹದಿನೇಳು ದಿನ ತಡೆದು ಹೋದ್ರ ಏನು ತಪ್ಪು?”

ತಂದೆಗೆ ತಪ್ಪು ಕಂಡಿತ್ತು. “ಬೀಗರು ಏನಂದ್ಕೊಂಡಾರು, ಹೇಳ್ರಿ. ಮಗಳಿಗೆ ಅಳಿಯನ ಮ್ಯಾಲ ನಂಬಿಗಿ ಇಲ್ಲ ಅಂದಂಗ ಆಗೋದಿಲ್ಲೇನು? ಮ್ಯಾಲ ಆಷಾಢ ಬ್ಯಾರೆ ಬರ್ತದ.” ಅವರ ಮಾತನ್ನು ಹಗುರವಾಗಿ ತೆಗೆದುಹಾಕುವಂತಿರಲಿಲ್ಲ. ನನಗೆ ಕಾನೂನು ಗೊತ್ತಿಲ್ಲ. ತಿಳಿದ ವಕೀಲರನ್ನು ಕೇಳಿ ಎಂದೆ. ಆದರೆ ಅವರು ಹೋದ ಮೇಲೆ ನನ್ನ ಮನಸ್ಸು ನಮ್ಮ ಎರಡು ಹೊಳೆಗಳ ಕಡೆಗೆ ಹರಿಯಿತು.

ದೇವದುರ್ಗದ ಉತ್ತರಕ್ಕೆ ಕೃಷ್ಣೆ, ಮಾನ್ವಿಯ ದಕ್ಷಿಣಕ್ಕೆ ತುಂಗಭದ್ರೆ. ಈ ಎರಡರ ನಡುವಿನ ನೆಲಕ್ಕಾಗಿ ನಡೆದ ಯುದ್ಧಗಳನ್ನು ಶಾಲೆಯ ಮಕ್ಕಳೂ ಬಲ್ಲರು. ಮದುವೆಯ ದಿಬ್ಬಣಗಳು ಈ ಗಡಿಯನ್ನು ಹೇಗೆ ದಾಟಿದವೆಂಬುದನ್ನು ಬರೆದಿಟ್ಟವರು ಕಡಿಮೆ. ಬರೆದದ್ದು ಒಂದಿದೆ, ಅದೂ ಅರಮನೆಯದು. 1406ರ ಯುದ್ಧದಲ್ಲಿ ಸೋತ ಒಂದನೆಯ ದೇವರಾಯ ತನ್ನ ಮಗಳನ್ನು ಬಹಮನಿ ಸುಲ್ತಾನ ಫಿರೋಜಶಹನಿಗೆ ಕೊಟ್ಟು, ಬಂಕಾಪುರದ ಕೋಟೆಯನ್ನು ಬಳುವಳಿಯಾಗಿ ಬಿಟ್ಟನೆಂದು ಫಿರಿಷ್ತಾ ಹೇಳುತ್ತಾನೆ. ಸುಲ್ತಾನ ವಿಜಯನಗರಕ್ಕೆ ಬಂದ ದಾರಿಗೆ ಹಾಸಿದ ಜರತಾರಿ ವಸ್ತ್ರ, ಮೂರು ದಿನದ ಔತಣ ಎಲ್ಲವನ್ನೂ ಆತ ವರ್ಣಿಸುತ್ತಾನೆ. ಹಿಂತಿರುಗುವಾಗ ಮಾವ ಅಳಿಯನನ್ನು ಪಾಳೆಯದವರೆಗೂ ಕಳುಹಿಸದೆ ನಡುದಾರಿಯಲ್ಲೇ ಮರಳಿದನಂತೆ. ಅಳಿಯನಿಗೆ ಸಿಟ್ಟು ಬಂದಿತಂತೆ. ಮದುವೆಯಿಂದ ಆಗಬೇಕಿದ್ದ ನಂಟು ಆ ಬೀಳ್ಕೊಡುಗೆಯಲ್ಲೇ ಹರಿಯಿತು. ಫಿರಿಷ್ತಾ ಬಿಜಾಪುರದಲ್ಲಿ ಕುಳಿತು ಬರೆದದ್ದು ಇದಾಗಿ ಸುಮಾರು ಇನ್ನೂರು ವರ್ಷಗಳ ಮೇಲೆ; ಆದ್ದರಿಂದ ವಿದ್ವಾಂಸರು ಇದನ್ನು ಅನುಮಾನದಿಂದಲೇ ಓದುತ್ತಾರೆ. ನನ್ನನ್ನು ಕಾಡುವುದು ಬೇರೆ ಸಂಗತಿ. ಆ ಯುದ್ಧಕ್ಕೆ ಕಾರಣಳೆನ್ನಲಾದ ಮುದಗಲ್ಲಿನ ಅಕ್ಕಸಾಲಿಗನ ಮಗಳ ಹೆಸರನ್ನು ಬರೆದ ಫಿರಿಷ್ತಾ, ಗಡಿ ದಾಟಿ ಹೋದ ರಾಜಕುಮಾರಿಯ ಹೆಸರನ್ನು ಹೇಳುವುದಿಲ್ಲ. ಮಾವ ಎಷ್ಟು ದೂರ ನಡೆದನೆಂಬುದು ಇತಿಹಾಸವಾಯಿತು. ಆಕೆ ಯಾವ ದಿನ ದಾಟಿದಳೆಂಬುದು ಆಗಲಿಲ್ಲ.

ಅರಮನೆಯ ಮಾತು ಇರಲಿ, ಸಾಮಾನ್ಯರ ಗಡಿಗೆ ಬರೋಣ. ತುಂಗಭದ್ರೆ ಸದಾಕಾಲ ಗಡಿಯಾಗಿರಲಿಲ್ಲ. 1800ರಲ್ಲಿ ನಿಜಾಮರು ಬಳ್ಳಾರಿ, ಆದವಾನಿ ಮೊದಲಾದ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟಾಗ, ಮಾನ್ವಿಯ ದಡ ನಿಜಾಮರದಾಗಿ ಎದುರು ದಡ ಇಂಗ್ಲಿಷರದಾಯಿತು. 1853ರಲ್ಲಿ ಸೈನ್ಯದ ಸಾಲದ ಲೆಕ್ಕಕ್ಕೆ ರಾಯಚೂರು ದೋಆಬೂ ಇಂಗ್ಲಿಷರ ಆಡಳಿತಕ್ಕೆ ಹೋದಾಗ ಎರಡೂ ದಡಗಳು ಒಂದಾದವು. 1860ರಲ್ಲಿ ದೋಆಬು ನಿಜಾಮರಿಗೆ ಮರಳಿತು, ಗಡಿಯೂ ಮರಳಿತು. ಅದೇ ವರ್ಷ ಸುರಪುರದ ಸಂಸ್ಥಾನವೂ ನಿಜಾಮರ ಕೈಸೇರಿದ್ದರಿಂದ, ದೇವದುರ್ಗದ ಮುಂದಿನ ಕೃಷ್ಣೆಯ ಆಚೆಗೂ ಅದೇ ರಾಜ್ಯವಾಯಿತು. ಹೀಗೆ ಆದವಾನಿಯಿಂದ ಮಾನ್ವಿಗೆ ಮೂವರು ಅಕ್ಕತಂಗಿಯರು 1852, 1855, 1861ರಲ್ಲಿ ಮದುವೆಯಾಗಿ ಬಂದಿದ್ದರೆ, ಒಂದೇ ಹೊಳೆಯನ್ನು ದಾಟಿಯೂ ನಡುವಿನವಳು ಮಾತ್ರ ಸರಕಾರ ಬದಲಾಯಿಸದೆ ಗಂಡನ ಮನೆ ಸೇರುತ್ತಿದ್ದಳು.

ನಿಜಾಮರ ಗಡಿಯಲ್ಲಿ ಕೇಳುತ್ತಿದ್ದದ್ದು ಹೆಣ್ಣಿನ ತಾರೀಖನ್ನಲ್ಲ, ಗಂಟಿನ ಬೆಲೆಯನ್ನು. ಸುಂಕದ ಇಲಾಖೆಗೆ ಕರೋಡಗಿರಿ ಎಂದು ಹೆಸರು. 1802ರ ವ್ಯಾಪಾರದ ಒಪ್ಪಂದದಂತೆ ಸರಕಿನ ಬೆಲೆಯ ಮೇಲೆ ನೂರಕ್ಕೆ 5 ಸುಂಕ. ನಾಣ್ಯವೂ ಬೇರೆ: ಇಂಗ್ಲಿಷರ 100 ರೂಪಾಯಿಗೆ ಹಾಲಿ ಸಿಕ್ಕ 116 ಚಿಲ್ಲರೆ. ಇನ್ನು ಬಂದವಳ ಸ್ಥಾನಮಾನ? ಸರಕಾರಿ ನೌಕರಿಗೆ ಸ್ಥಳೀಯರು ಯಾರೆಂಬುದನ್ನು ಗೊತ್ತುಮಾಡಿದ 1919ರ ಮುಲ್ಕಿ ನಿಯಮಗಳಲ್ಲಿ ಇದಕ್ಕೆ ಒಂದೇ ಸಾಲಿನ ಉತ್ತರವಿದೆ. ಹೊರಗಿನಿಂದ ಬಂದ ಗಂಡಸು ಮುಲ್ಕಿಯಾಗಲು ಹದಿನೈದು ವರ್ಷ ವಾಸಿಸಬೇಕು. ಮುಲ್ಕಿಯ ಹೆಂಡತಿಯಾದವಳು ಮುಲ್ಕಿಯೇ. ತಾರೀಖಿಲ್ಲ, ಕಾಯುವಿಕೆಯಿಲ್ಲ, ಜಂಟಿ ರುಜುವಿಲ್ಲ. ಉದಾರವಾಗಿ ಕಾಣುತ್ತದೆ, ನಿಜ. ಆದರೆ ಹೆಣ್ಣಿಗೆ ತನ್ನದೆಂಬ ಊರೊಂದು ಇರಬಹುದೆಂಬ ಯೋಚನೆಯೇ ಆ ನಿಯಮ ಬರೆದವರಿಗೆ ಬಂದಿರಲಾರದು.

ಒಂದು ಭಾನುವಾರ ಮಾನ್ವಿಗೆ ಹೋದಾಗ ಹುಡುಗಿಯ ಮನೆಯಲ್ಲಿ ಇದನ್ನೆಲ್ಲ ಹೇಳುತ್ತಿದ್ದೆ. ಪಡಸಾಲೆಯ ಮಂಚದ ಮೇಲೆ ಕುಳಿತಿದ್ದ, ತೊಂಬತ್ತು ದಾಟಿದ ಅಜ್ಜಿ ನಕ್ಕರು. “ನನ್ನನ್ನ ಕೇಳಬಾರದ ಮಾಸ್ತರ, ನಾ ದಾಟಿ ಬಂದಾಕಿ.”

ಅವರ ತವರು ಆದವಾನಿ. ಮದುವೆಯಾದದ್ದು 1948ರ ಮಾಘದಲ್ಲಿ. ಹೈದರಾಬಾದು ಸಂಸ್ಥಾನ ಭಾರತಕ್ಕೆ ಸೇರದೆ, 1947ರ ನವೆಂಬರಿನಲ್ಲಿ ಯಥಾಸ್ಥಿತಿಯ ಒಪ್ಪಂದ ಮಾಡಿಕೊಂಡಿದ್ದ ಕಾಲ. ಗಜೇಂದ್ರಗಡ, ಮುಂಡರಗಿಗಳಲ್ಲಿ ಹೋರಾಟಗಾರರ ಶಿಬಿರಗಳು ಎದ್ದಿದ್ದವು. ಈಚೆಯ ಹಳ್ಳಿಗಳಲ್ಲಿ ರಜಾಕಾರರ ಭಯ. ಅನುಕೂಲವಿದ್ದವರು ಹೊಳೆ ದಾಟಿ ಆಚೆ ಹೋಗುತ್ತಿರುವಾಗ, ಹದಿನೈದರ ಹೆಣ್ಣನ್ನು ಈಚೆ ಕಳುಹಿಸುವವರು ಯಾರು? ಯುಗಾದಿಗೆ ಕಳಿಸುತ್ತೇವೆಂದರು, ಆಗಲಿಲ್ಲ. ಬೇಸಗೆಯಲ್ಲಿ ಹೊಳೆಯ ಮರಳಿನ ಮೇಲೆ ಬಂಡಿಯೇ ದಾಟುತ್ತಿತ್ತು. ಆಗಲೂ ಧೈರ್ಯ ಬರಲಿಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿತು. ಮಾವನವರು ಸಿಟ್ಟಾಗಿ, ಈ ವರ್ಷ ಬರದಿದ್ದರೆ ಬರುವುದೇ ಬೇಡವೆಂದು ಹೇಳಿ ಕಳುಹಿಸಿದರಂತೆ. ಆಮೇಲೆ ಸೆಪ್ಟೆಂಬರ್ 13ರಿಂದ 17ರವರೆಗೆ ಪೊಲೀಸ್ ಕಾರ್ಯಾಚರಣೆ ನಡೆದು ಸಂಸ್ಥಾನ ಶರಣಾಯಿತು. ಕಾರ್ತಿಕದಲ್ಲಿ ಉಡಿ ತುಂಬಿ, ಹರಿಗೋಲಿನಲ್ಲಿ ಕೂರಿಸಿದರು.

“ಹೊಸ ಸೀರಿ ಗಂಟಿನ್ಯಾಗಿದ್ರ ಕರೋಡಗಿರಿ, ಮೈಮ್ಯಾಲಿದ್ರ ಇಲ್ಲ ಅಂದ್ರು. ಒಂದರ ಮ್ಯಾಲೊಂದು ಮೂರು ಸೀರಿ ಉಟ್ಟು ಕುಂತಿದ್ದೆ. ಕಾರ್ತಿಕದ ಚಳಿಗೆ ಅದೂ ಬೇಕಾಗಿತ್ತು ಬಿಡು.”

ಸಂಸ್ಥಾನ ಬಿದ್ದಿತ್ತು, ಆದರೆ ಸುಂಕದ ಕಟ್ಟೆಯೂ ಹಾಲಿ ಸಿಕ್ಕವೂ ಇನ್ನೂ ಕೆಲವು ವರ್ಷ ಉಳಿದವು. 1953ರಲ್ಲಿ ಆದವಾನಿ ಆಂಧ್ರಕ್ಕೂ, 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೂ ಸೇರಿ, ಅದೇ ಹೊಳೆ ಬೇರೊಂದು ಬಗೆಯ ಗಡಿಯಾಯಿತು.

ನಾನು ಅಜ್ಜಿಯನ್ನು ಒಂದು ಮಾತು ಕೇಳಿದೆ: ಆ ಒಂಬತ್ತು ತಿಂಗಳಲ್ಲಿ ನಿಮ್ಮನ್ನು ಯಾರಾದರೂ ಕೇಳಿದರೆ, ಯಾವಾಗ ಹೋಗುತ್ತೀ ಎಂದು? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಯಾರು ಕೇಳ್ತಾರ? ಹೊಳಿ ಇಳೀಲಿ ಅಂದ್ರು, ಗದ್ದಲ ಇಳೀಲಿ ಅಂದ್ರು, ಶುಕ್ರ ಸರೀಲಿ ಅಂದ್ರು.” ಆಮೇಲೆ ಮಗನ ಕಡೆ ತಿರುಗಿ, “ಈಕಿ ಬಾಯಿಬಿಟ್ಟು ಒಂದು ದಿನ ಕೇಳಾಕತ್ಯಾಳ. ಕೊಡು,” ಎಂದರು.

ಅಳಿಯನಿಗೆ ಫೋನಿನಲ್ಲಿ ಹೇಳಿದವಳು ಹುಡುಗಿಯೇ. ಎರಡು ದಿನ ಅವನು ಮಾತಾಡಲಿಲ್ಲ. ಆ ಎರಡು ದಿನ ಮಾನ್ವಿಯ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲವಂತೆ. ಮೂರನೆಯ ದಿನ ಅವನೇ ಮಾತಾಡಿ, ತನಗೆ ಮನಸ್ಸಿಗೆ ನೋವಾದದ್ದು ನಿಜವೆಂದೂ, ಆದರೆ ವಕೀಲರೂ ಅದೇ ಸಲಹೆ ಕೊಟ್ಟರೆಂದೂ, ಇನ್ನೊಂದು ಅರ್ಜಿಯ ಖರ್ಚೂ ಓಡಾಟವೂ ತಪ್ಪುವುದೆಂದೂ ಹೇಳಿ ಟಿಕೇಟನ್ನು ಜೂನ್ 14ಕ್ಕೆ ಬದಲಾಯಿಸಿದ. ಆಷಾಢಕ್ಕೆ ಇನ್ನೂ ಕೆಲವು ದಿನ ಉಳಿದಿತ್ತಾದ್ದರಿಂದ ದೇವದುರ್ಗದವರೂ ಹೂಂ ಎಂದರು. ಅವರ ಹೂಂ ಎಷ್ಟು ಗಟ್ಟಿಯಾಗಿತ್ತೆಂಬುದನ್ನು ನಾನು ವಿಚಾರಿಸಲಿಲ್ಲ.

ಹೈದರಾಬಾದಿನ ರೈಲಿಗೆ ಕಳುಹಿಸಲು ರಾಯಚೂರಿನ ನಿಲ್ದಾಣಕ್ಕೆ ನಾನೂ ಹೋಗಿದ್ದೆ. ರೈಲು ಹೊರಟು ಅರ್ಧ ಗಂಟೆಯಾಗಿರಬಹುದು, ಮಾನ್ವಿಯಿಂದ ಅಜ್ಜಿಯ ಫೋನು ಬಂದಿತು. ಕೇಳಿದ್ದು ಒಂದೇ ಮಾತು:

“ಹುಡುಗಿ ಹೊಳಿ ದಾಟಿದ್ಲೇನು, ಮಾಸ್ತರ?”

ಕೃಷ್ಣೆಯನ್ನು ದಾಟಿರಬಹುದು, ಎಂದೆ.