ಹಳೆಯ ರೀಲಿನ ಒಳಗಿನ ಅಕ್ಷರಗಳು

ನಮ್ಮ ಕಡೆ ಮೀನು ಹಿಡಿಯಲು ಬೀಸುಬಲೆ ಸಾಕು, ಇಲ್ಲದಿದ್ದರೆ ಒಂದು ಗಾಳ, ಒಂದು ದಾರ. ಹೀಗಿರುವಾಗ ಗಾಳದ ದಾರ ಸುತ್ತುವ ಹಳೆಯ ರೀಲುಗಳನ್ನು ದೊಡ್ಡ ಹಣ ಕೊಟ್ಟು ಕೊಂಡು ಕಪಾಟಿನಲ್ಲಿಡುವವರು ಇಂಗ್ಲೆಂಡ್, ಅಮೆರಿಕದಲ್ಲಿದ್ದಾರೆ ಎಂದರೆ ನಗು ಬರಬಹುದು. ನನಗೂ ಬಂದಿತ್ತು. ಆದರೆ ಡಿಪ್ಲೊಮಾದಲ್ಲಿ ಮೆಕ್ಯಾನಿಕಲ್ ಓದಿದವನಿಗೆ ಆ ರೀಲಿನ ಹೊಟ್ಟೆ ನೋಡಿದ ಮೇಲೆ ನಗು ಉಳಿಯುವುದಿಲ್ಲ.

ಫ್ಲೈ ಫಿಶಿಂಗ್ ಎಂದರೆ ಗರಿ, ನೂಲಿನಿಂದ ಕಟ್ಟಿದ ಹುಳದಂಥ ಆಮಿಷವನ್ನು ಎಸೆದು ಮೀನು ಹಿಡಿಯುವುದು. ಆಮಿಷಕ್ಕೆ ತೂಕವಿಲ್ಲ, ತೂಕವೆಲ್ಲ ದಾರದಲ್ಲಿ. ಆ ದಾರ ಹಿಂದೆ ರೇಷ್ಮೆಯದು. ಒದ್ದೆಯಾಗಿಯೇ ಉಳಿದರೆ ಕೊಳೆಯುತ್ತಿತ್ತು. 1874ರಲ್ಲಿ ಅಮೆರಿಕದ ವರ್ಮಾಂಟ್‌ನ ಚಾರ್ಲ್ಸ್ ಆರ್ವಿಸ್ ಪಕ್ಕದ ತಟ್ಟೆಗಳ ತುಂಬ ತೂತು ಕೊರೆದ, ಅಗಲ ಕಡಿಮೆಯಿರುವ ರೀಲಿಗೆ ಪೇಟೆಂಟ್ ಪಡೆದರು. ಗಾಳಿಯಾಡಿ ದಾರ ಒಣಗಿತು, ರೀಲಿನ ಭಾರವೂ ಇಳಿಯಿತು.

ಇಂಗ್ಲೆಂಡಿನ ಆನಿಕ್ ಊರಿನಲ್ಲಿ 1872ರಲ್ಲಿ ಬಂದೂಕಿನ ಕೆಲಸದಿಂದ ಶುರುವಾದ ಹಾರ್ಡಿ ಸಹೋದರರ ಅಂಗಡಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅವರ 'ಪರ್ಫೆಕ್ಟ್' ರೀಲಿನ ಪೇಟೆಂಟ್ 1888ರದು. ಅದರಲ್ಲಿ ದಾರದ ಉರುಳೆ ಬಾಲ್ ಬೇರಿಂಗ್ ಮೇಲೆ ತಿರುಗುತ್ತದೆ. ದೊಡ್ಡ ಸಾಲ್ಮನ್ ಮೀನು ಒಮ್ಮೆಲೇ ಓಡಿದರೆ ಉರುಳೆ ಹತೋಟಿ ತಪ್ಪಿ ದಾರ ಸಿಕ್ಕಾಗದಂತೆ ತಡೆಯಲು ಒಳಗೆ ಹಲ್ಲುಚಕ್ರ, ಅದಕ್ಕೆ ಒತ್ತಿಕೊಂಡ ಸ್ಪ್ರಿಂಗು. ಕಿರ್‌ಕಿರ್ ಎನ್ನುವ ಸದ್ದು ಅದರದೇ.

ನಮ್ಮ ಊರಿಗೂ ಇದಕ್ಕೂ ಒಂದು ಎಳೆ ಇದೆ. ಆಗ ಕಾಸರಗೋಡೂ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್, ಇಲ್ಲಿನ ಹೊಳೆಗಳಲ್ಲಿ ಗಾಳ ಹಾಕುವುದರ ಬಗ್ಗೆ ಬರೆದ 'ದಿ ರಾಡ್ ಇನ್ ಇಂಡಿಯಾ' ಪುಸ್ತಕ 1873ರಲ್ಲಿ ಹೊರಬಂದದ್ದು ಮಂಗಳೂರಿನಿಂದಲೇ.

ಇಂದು ಸಂಗ್ರಾಹಕರು ಹಳೆಯ ಪರ್ಫೆಕ್ಟ್ ಕೈಗೆ ಸಿಕ್ಕರೆ ಮೊದಲು ಹೊಳಪು ನೋಡುವುದಿಲ್ಲ. ಹಿತ್ತಾಳೆಯ ಮೇಲಿನ ಮೂಲ ಕಂದು ಬಣ್ಣ ಉಳಿದಿದೆಯೇ, ಸ್ಕ್ರೂ ತಲೆ ಹಾಳಾಗಿದೆಯೇ, ಹಿಡಿ ಬದಲಾಗಿದೆಯೇ ಎಂದು ಪರೀಕ್ಷಿಸುತ್ತಾರೆ. ತಿಕ್ಕಿ ಬೆಳಗಿದ ರೀಲಿಗೆ ಬೆಲೆ ಕಡಿಮೆ. ಒಳಗೆ ಕೆಲವು ರೀಲುಗಳಲ್ಲಿ, ಅದನ್ನು ಜೋಡಿಸಿದ ಕೆಲಸಗಾರನ ಹೆಸರಿನ ಮೊದಲಕ್ಷರಗಳಿರುತ್ತವೆ. ಹೊರಗೆ ಕಂಪೆನಿಯ ಹೆಸರು, ಒಳಗೆ ಕೂಲಿಯವನ ಗುರುತು. ಎಷ್ಟೋ ಸಂಗ್ರಾಹಕರು ಹುಡುಕುವುದು ಆ ಎರಡನೆಯದನ್ನು.

ಇದನ್ನು ಓದಿದಾಗ ನನಗೆ ಉಪ್ಪನ ಅಂಗಡಿಯ ತೂಕದ ಕಲ್ಲುಗಳು ನೆನಪಾದವು. ತಳದಲ್ಲಿ ಸೀಸದ ಬಿಲ್ಲೆ, ಅದರ ಮೇಲೆ ಪರಿಶೀಲನೆಯ ಮುದ್ರೆಗಳು ಒಂದರ ಪಕ್ಕ ಒಂದು. ತೂಕದಲ್ಲಿ ಮೋಸವಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಎಲೆಕ್ಟ್ರಾನಿಕ್ ತಕ್ಕಡಿ ಬಂದ ವರ್ಷ ನಾನೇ ಅವನ್ನು ಗೋಣಿಗೆ ತುಂಬಿ ಗುಜರಿಗೆ ಕೊಟ್ಟೆ. ಸಿಕ್ಕಿದ್ದು ಕಬ್ಬಿಣದ ಬೆಲೆ. ಉಪ್ಪ ಏನೂ ಹೇಳಲಿಲ್ಲ. ಅಂದು ಮಾತ್ರ ಅಂಗಡಿಯನ್ನು ಸ್ವಲ್ಪ ಬೇಗ ಮುಚ್ಚಿದರು.

ನಿಮ್ಮ ಮನೆಯ ಅಟ್ಟದಲ್ಲೂ ಹಳೆಯ ತಕ್ಕಡಿ, ಸೇರು, ಲೆಕ್ಕದ ಪುಸ್ತಕ ಇರಬಹುದು. ಕೊಡುವ ಮೊದಲು ಒಮ್ಮೆ ತಿರುಗಿಸಿ ತಳ ನೋಡಿ. ತಿಕ್ಕಬೇಡಿ.